ನಡುವಿನ ಶಟಲ್ ಯಾರದು

ಆ ದಂತವೈದ್ಯ ದಿನವಿಡೀ ಮಾತಾಡುವ ಮನುಷ್ಯ. ಎದುರಿಗಿದ್ದವರ ಬಾಯಿ ಅಗಲವಾಗಿ ತೆರೆದೇ ಇರುತ್ತಿದ್ದುದರಿಂದ ಎದುರು ಮಾತಾಡುವವರು ಯಾರೂ ಇರಲಿಲ್ಲ. ಬಿಸಿಲು, ಮಳೆ, ರಸ್ತೆ ಅಗೆದವರು ಮುಚ್ಚದೇ ಹೋದದ್ದು, ಮೇಲಿನ ಮಹಡಿಯವರ ನಲ್ಲಿ ಸೋರುವುದು, ಹೀಗೆ ಏನೇನನ್ನೋ ಹೇಳುತ್ತ ಕೈಕೆಲಸ ಮುಗಿಸುತ್ತಿದ್ದ. ನಡುವೆ ಒಂದೇ ಒಂದು ಮಾತನ್ನು ಮಾತ್ರ ಬೇರೆ ದನಿಯಲ್ಲಿ ಹೇಳುತ್ತಿದ್ದ: "ಅಲ್ಲಾಡ್ಬೇಡಿ." ಡ್ರಿಲ್ ಹಲ್ಲಿಗೆ ತಾಗುವ ಗಳಿಗೆಯ ಮಾತದು. ಪೊಲೀಸ್ ಅಧಿಕಾರಿಯಿಂದ ಹಿಡಿದು ಹಾಲುಹಲ್ಲಿನ ಮಗುವಿನವರೆಗೆ, ಅದನ್ನು ಕೇಳಿದವರೆಲ್ಲ ಕುರ್ಚಿಯಲ್ಲೇ ಕಲ್ಲಾಗುತ್ತಿದ್ದರು.

ಸಂಜೆ ಕ್ಲಿನಿಕ್ಕಿನ ದೀಪ ಆರಿಸಿ, ಬ್ಯಾಟಿನ ಚೀಲ ಹೆಗಲಿಗೇರಿಸಿ, ಮಾವನ ಪಕ್ಕದಲ್ಲಿ ಬ್ಯಾಡ್ಮಿಂಟನ್ ಕೋರ್ಟಿನ ಕಡೆ ಹೆಜ್ಜೆ ಹಾಕುವಾಗ ಇದೇ ಮನುಷ್ಯನ ತುಟಿಗೆ ಬೀಗ ಬೀಳುತ್ತಿತ್ತು.

ಮಾವನೆಂದರೆ ಹೆಂಡತಿಯ ತಂದೆ. ದೊಡ್ಡ ಗ್ರಂಥಾಲಯವೊಂದರ ಓದುಕೋಣೆಯನ್ನು ಜೀವಮಾನವಿಡೀ ನೋಡಿಕೊಂಡು ನಿವೃತ್ತರಾದವರು. ಯಾರಾದರೂ ಪುಟವನ್ನು ಜೋರಾಗಿ ಮಗುಚಿದರೂ ಕನ್ನಡಕದ ಮೇಲಿಂದ ನೋಡುತ್ತಿದ್ದವರು. ಅವರ ಒಂದು "ಶ್"ಗೆ ತುಂಬಿದ ಕೋಣೆ ತಣ್ಣಗಾಗುತ್ತಿತ್ತಂತೆ. ಗೋಡೆಯ ಗಡಿಯಾರ ಕೂಡ ಟಿಕ್ ಅನ್ನಲು ಅವರ ಮುಖ ನೋಡುತ್ತಿತ್ತು ಎಂದು ಮಗಳು ತಮಾಷೆ ಮಾಡುವುದಿತ್ತು.

ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ಮಾವ ಅಳಿಯನನ್ನು "ಡಾಕ್ಟ್ರೇ" ಎಂದೇ ಕರೆಯುತ್ತಿದ್ದರು. ಅಳಿಯನ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂರುವರು. ಮೂರು ಸಲ ಕೇಳಿದ ಮೇಲೆಯೇ ಚಹಾ ಕುಡಿಯುವರು, ಕುಡಿದ ಲೋಟವನ್ನು ತಾವೇ ತೊಳೆಯಲು ಏಳುವರು. ಇನ್ನೂ ಒಂದು ವಿಷಯವಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ: ಹಲ್ಲು ನೋವು ಬಂದರೆ ಮಾವ ಎರಡು ಬಸ್ಸು ಬದಲಿಸಿ ಇನ್ನೊಬ್ಬ ದಂತವೈದ್ಯರ ಬಳಿಗೆ ಹೋಗುತ್ತಿದ್ದರು. "ಅಳಿಯಂದಿರಿಗೆ ಯಾಕೆ ತೊಂದರೆ" ಎಂದು ಅತ್ತೆಯ ಹತ್ತಿರ ಅಂದಿದ್ದರಂತೆ. ಅಳಿಯನೂ ಕಡಿಮೆಯವನಲ್ಲ. ಮಾವ ಬಲಗಡೆ ಅಗಿಯುವುದನ್ನು ಬಿಟ್ಟಿದ್ದಾರೆ ಎಂಬುದು ಊಟದ ಮೇಜಿನಲ್ಲಿ ಅವನಿಗೆ ಕಾಣುತ್ತಿತ್ತು. ಕೇಳಿದರೆ ಅವರಿಗೆ ಮುಜುಗರವಾದೀತೆಂದು ತಟ್ಟೆ ನೋಡಿಕೊಂಡು ಸುಮ್ಮನಿರುತ್ತಿದ್ದ.

ಇಂಥ ಇಬ್ಬರನ್ನು ಒಂದೇ ಕೋರ್ಟಿಗೆ ಇಳಿಸಿದವಳು ಅವನ ಹೆಂಡತಿ. ಮಾವನಿಗೆ ಸಕ್ಕರೆ ಏರಿತ್ತು. ಅಳಿಯನಿಗೆ ದಿನವಿಡೀ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತ್ತು, ಹೊಟ್ಟೆ ಬೆಲ್ಟಿನ ಮೇಲಿಂದ ಇಣುಕತೊಡಗಿತ್ತು. ಮನೆಯ ವೈದ್ಯೆ ಇಬ್ಬರಿಗೂ ಒಂದೇ ಮಾತು ಹೇಳಿದ್ದರು: ಬೆವರು ಬರೋ ಹಾಗೆ ಏನಾದ್ರೂ ಮಾಡಿ. ಹೆಂಡತಿ ಎರಡು ಬ್ಯಾಟು ತಂದು ಮೇಜಿನ ಮೇಲಿಟ್ಟಳು. "ಒಬ್ಬೊಬ್ಬರನ್ನೇ ಕಳಿಸಿದ್ರೆ ಅರ್ಧ ದಾರೀಲಿ ತಿರುಗಿ ಬರ್ತೀರಿ. ಜೊತೆಗೆ ಹೋದ್ರೆ ಒಬ್ಬರಿಗೊಬ್ಬರು ಸಂಕೋಚಕ್ಕಾದ್ರೂ ಆಡ್ತೀರಿ," ಎಂದಳು.

ಸಂಕೋಚಕ್ಕೇ ಶುರುವಾಯಿತು. ಮೊದಮೊದಲು ಶಟಲ್ ಒಂದು ಕಡೆ ಹೋದರೆ ಬ್ಯಾಟು ಇನ್ನೊಂದು ಕಡೆ ಗಾಳಿ ಬೀಸುತ್ತಿತ್ತು. ಮಾವ ಬಗ್ಗಿ ಶಟಲ್ ಎತ್ತುವುದರಲ್ಲೇ ಅರ್ಧ ವ್ಯಾಯಾಮ ಮುಗಿಸುತ್ತಿದ್ದರು. ಆದರೆ ಹಟ ಇಬ್ಬರಲ್ಲೂ ಇತ್ತು. ದಂತವೈದ್ಯ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಳೆಯ ಶಟಲ್ ಒಂದನ್ನು ಹಲ್ಲುಸಂದಿ ಶುಚಿಮಾಡುವ ದಾರದಿಂದ ಮೇಲಿನ ಕೊಳವೆಗೆ ಇಳಿಬಿಟ್ಟು, ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ಬ್ಯಾಕ್‌ಹ್ಯಾಂಡ್ ಅಭ್ಯಾಸ ಮಾಡಿದ. ಹೊಡೆಯುವ ಮೊದಲು ಹಿಡಿತ ಸಡಿಲವಿರಬೇಕು, ತಾಗುವ ಗಳಿಗೆಯಲ್ಲಿ ಮಾತ್ರ ಬಿಗಿಯಬೇಕು ಎಂಬುದು ನಿಧಾನವಾಗಿ ಬೆರಳಿಗೆ ತಿಳಿಯಿತು. ಮಾವ ಗ್ರಂಥಾಲಯದಿಂದ ಆಟದ ಪುಸ್ತಕ ತಂದು, ಮನೆಯ ಓಣಿಯಂಥ ಪಡಸಾಲೆಯಲ್ಲಿ ಹೆಜ್ಜೆ ಹಾಕುವುದನ್ನು ಕಲಿತರು. ಓಡಿ ಸುಸ್ತಾಗುವ ಬದಲು ಎದುರಿನವರು ಹೊಡೆಯುವ ಮೊದಲೇ ಮುಂಗಾಲಲ್ಲಿ ನಿಂತಿರಬೇಕು ಎಂದು ಗೊತ್ತಾದ ಮೇಲೆ ಅವರು ಕೊಕ್ಕರೆಯ ಹಾಗೆ ನಿಲ್ಲತೊಡಗಿದರು. ನೋಡಲು ನಗು ಬರುತ್ತಿದ್ದರೂ ನೆಟ್ ಹತ್ತಿರದ ಶಟಲ್ ಅವರನ್ನು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

ಮಾವನ ಸಕ್ಕರೆ ಇಳಿಯಿತು. ಅಳಿಯನ ಬೆಲ್ಟು ಒಂದು ತೂತು ಒಳಗೆ ಬಂತು. ಆದರೆ ಅವನು ದಿನವಿಡೀ ಗಡಿಯಾರ ನೋಡುತ್ತಿದ್ದುದು ಅದಕ್ಕಲ್ಲ. ಕ್ಲಿನಿಕ್ಕಿನಿಂದ ಕೋರ್ಟಿಗೆ, ಕೋರ್ಟಿನಿಂದ ಮನೆಗೆ ಹೋಗುವ ಆ ನಡಿಗೆ ಅವನಿಗೆ ಬೇಕಾಗಿತ್ತು. ಮಾವ ಮಾತಾಡುತ್ತಿರಲಿಲ್ಲ, ಮಾತಾಡಿ ಎಂದು ಕೇಳುತ್ತಲೂ ಇರಲಿಲ್ಲ. ಮೊದಲು ಆ ಮೌನ ಇಕ್ಕಟ್ಟಿನ ಬೂಟಿನಂತಿತ್ತು. ಬರಬರುತ್ತ ಕಾಲಿಗೆ ಹೊಂದಿಕೊಂಡಿತು. ಬೀದಿಯ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ಇಬ್ಬರೂ ನೋಡುತ್ತ ನಡೆಯುವರು, ಯಾರೂ ಅದನ್ನು ಹೇಳುವುದಿಲ್ಲ. ರೋಗಿಗಳ ಹೆದರಿಕೆ ಮರೆಸಲೆಂದು ಬೆಳಗಿನಿಂದ ಬಾಯಿ ನೋಯುವಷ್ಟು ಮಾತಾಡಿದವನಿಗೆ, ಯಾರ ಹೆದರಿಕೆಯನ್ನೂ ಮರೆಸಬೇಕಿಲ್ಲದ ಹೊತ್ತು ಅದೊಂದೇ ಆಗಿತ್ತು.

ತೊಡಕು ಬಂದದ್ದೂ ಅದೇ ಮೌನದಿಂದ. ಇಬ್ಬರ ಆಟವೂ ಸುಧಾರಿಸಿತ್ತು, ಜೋಡಿ ಮಾತ್ರ ಸೋಲುತ್ತಲೇ ಇತ್ತು. ಶಟಲ್ ಎಡಕ್ಕೆ ಬಂದರೆ ಮಾವ ಹೊಡೆಯುವರು, ಬಲಕ್ಕೆ ಬಂದರೆ ಅಳಿಯ ಹೊಡೆಯುವನು. ನಡುವೆ ಬಂದರೆ ಯಾರೂ ಹೊಡೆಯುವುದಿಲ್ಲ. ಹಿರಿಯರ ಕೈಯಿಂದ ಕಿತ್ತುಕೊಂಡಂತಾಗಬಾರದು ಎಂದು ಅಳಿಯ ಅರ್ಧ ಹೆಜ್ಜೆ ಹಿಂದೆ ಸರಿಯುವನು. ಅಳಿಯಂದಿರ ಪಾಲಿಗೆ ಕೈ ಹಾಕಬಾರದು ಎಂದು ಮಾವನೂ ಅರ್ಧ ಹೆಜ್ಜೆ ಹಿಂದೆ ಸರಿಯುವರು. ಮರ್ಯಾದೆಯ ಆ ಸಂದಿಯಲ್ಲಿ ಶಟಲ್ ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತಿತ್ತು. ಇಬ್ಬರೂ ಅದನ್ನು ನೋಡುವರು, ಇಬ್ಬರೂ ಒಟ್ಟಿಗೇ ಬಗ್ಗುವರು, "ಬಿಡಿ ಬಿಡಿ, ನಾನು ತೆಗೀತೀನಿ" ಎಂದು ತಲೆಗೆ ತಲೆ ತಾಗಿಸಿಕೊಳ್ಳುವರು. ಒಮ್ಮೆ ಆಟ ನೋಡಲು ಬಂದ ಅತ್ತೆ, "ಇದು ಆಟವೋ ಶೋಕಸಭೆಯೋ" ಎಂದು ಕೇಳಿ ಎದ್ದು ಹೋದವರು ಮತ್ತೆ ಬರಲಿಲ್ಲ. ಆ ಹೊತ್ತಿಗೆ ಗೆಳತಿಯರ ಜೊತೆ ಈಜಲು ಹೋಗತೊಡಗಿದರು.

ಹೀಗಿರುವಾಗ ಕೋರ್ಟು ನೋಡಿಕೊಳ್ಳುವವರು, ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಸೀಟಿ ಮಾಸ್ತರು ಎಂದೇ ಹೆಸರಾದವರು, ಎಲ್ಲರನ್ನೂ ಕರೆದು ನಿಲ್ಲಿಸಿದರು. ಕೊನೆಯ ಕೋರ್ಟಿನ ಮರದ ನೆಲ ಉಬ್ಬಿದೆ, ಕಿತ್ತು ಹೊಸದು ಹಾಕಬೇಕು, ಅದು ಮುಗಿಯುವವರೆಗೆ ಸಂಜೆಯ ಪಾಳಿಯಲ್ಲಿ ಒಂದು ಜೋಡಿಗೆ ಜಾಗವಿಲ್ಲ, ಆ ಜೋಡಿ ಮಧ್ಯಾಹ್ನ ಮೂರಕ್ಕೆ ಬರಬೇಕು ಎಂದರು.

"ಯಾರು ಅಂತ ನಾನು ಹೇಳಿದ್ರೆ ನನ್ನ ಮೇಲೆ ಮುನಿಸು ಬರತ್ತೆ. ಗೆದ್ದ ಲೆಕ್ಕದಲ್ಲಿ ಕೆಳಗಿನ ಎರಡು ಜೋಡಿ ಶನಿವಾರ ಒಂದಾಟ ಆಡ್ಲಿ. ಸೋತವರು ಮಧ್ಯಾಹ್ನಕ್ಕೆ."

ಕೆಳಗಿನ ಎರಡರಲ್ಲಿ ಒಂದು ಬೇಕರಿಯ ಅಕ್ಕತಂಗಿಯರ ಜೋಡಿ. ಇನ್ನೊಂದು ಯಾವುದೆಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಮೂರೆಂದರೆ ಶಾಲೆ ಬಿಟ್ಟ ಮಕ್ಕಳೆಲ್ಲ ಕ್ಲಿನಿಕ್ಕಿಗೆ ಬರುವ ಹೊತ್ತು. ದಂತವೈದ್ಯ ಬರಲಾರ. ಅವನಿಲ್ಲದಿದ್ದರೆ ಮಾವನೂ ಬರಲಾರರು. "ಪರವಾಗಿಲ್ಲ ಡಾಕ್ಟ್ರೇ" ಎಂದು ಹೇಳಿ, ಬ್ಯಾಟನ್ನು ಬೀರುವಿನ ಮೇಲಿಟ್ಟು, ಪತ್ರಿಕೆ ಹಿಡಿದು ಕೂರುವರು. ಮತ್ತೆ ಕುರ್ಚಿಯ ತುದಿ, ಮತ್ತೆ ಮೂರು ಸಲ ಚಹಾ. ಆ ರಾತ್ರಿ ಊಟಕ್ಕೆ ಕೂತಾಗ ಅವನು ಎಲ್ಲವನ್ನೂ ಹೆಂಡತಿಗೆ ಹೇಳಿದ.

"ನಂದು ಅಂತ ಕೂಗೋಕೆ ನಿಮಗೇನು ಧಾಡಿ?" ಎಂದಳು ಹೆಂಡತಿ. "ಡಬಲ್ಸ್ ಆಡೋರೆಲ್ಲ ಕೂಗ್ತಾರೆ. ನಡುವೆ ಬಂದ್ರೆ ಒಬ್ಬರು ನಂದು ಅನ್ಬೇಕು, ಇನ್ನೊಬ್ಬರು ಸುಮ್ಮನೆ ಜಾಗ ಬಿಡ್ಬೇಕು. ಅಷ್ಟೇ."

"ನಿಮ್ಮಪ್ಪನ ಮುಂದೆ ನಂದು ನಂದು ಅಂತ ಕಿರುಚೋದಾ? ಚೆನ್ನಾಗಿರತ್ತಾ?"

"ಸೋಲೋದು ಚೆನ್ನಾಗಿದೆಯಾ? ಇಬ್ಬರೂ ಬಾಗಿಲಲ್ಲಿ ನಿಂತು ನೀವು ಮೊದಲು, ನೀವು ಮೊದಲು ಅಂತ ಬಸ್ಸು ತಪ್ಪಿಸ್ಕೊಳ್ಳೋ ಜನ."

ಮರುದಿನ ದಾರಿಯಲ್ಲಿ ಅವನು ಗಂಟಲು ಸರಿಮಾಡಿಕೊಂಡ. "ಮಾವ, ಮಧ್ಯದ್ದು ಬಂದಾಗ ಯಾರಾದ್ರೂ ಒಬ್ಬರು ಕೂಗ್ಬೇಕಂತೆ."

"ಕೂಗಿ ಡಾಕ್ಟ್ರೇ. ನನ್ನ ಅಭ್ಯಂತರ ಏನಿಲ್ಲ."

"ಅಯ್ಯೋ, ನೀವು ಹಿರಿಯರು. ನೀವೇ ಕೂಗಿ."

"ನೀವು ವಯಸ್ಸಲ್ಲಿ ಚಿಕ್ಕವರು, ಗಂಟಲು ಗಟ್ಟಿ ಇದೆ. ನಂದೆಲ್ಲ ಮೆತ್ತಗಾಗಿ ಹೋಗಿದೆ."

ಕೂಗುವುದರಲ್ಲೂ ನೀವು ಮೊದಲು ಎಂದೇ ಆಯಿತು. ಕೋರ್ಟಿಗಿಳಿದ ಮೇಲೆ ಅವನು ಎರಡು ಸಲ "ನಂದು" ಎಂದದ್ದೇನೋ ನಿಜ. ಎರಡು ಸಲವೂ ಶಟಲ್ ನೆಲಕ್ಕೆ ಬಿದ್ದ ಮೇಲೆ ಹೊರಟ ಮಾತದು.

"ಏನಾದ್ರೂ ಅಂದ್ರಾ?" ಎಂದು ಮಾವ ತಿರುಗಿದರು.

"ಇಲ್ಲ ಮಾವ. ಕೆಮ್ಮು."

ಅವನಿಗೆ ಒಳಗೊಳಗೇ ಇನ್ನೊಂದು ಅಂಜಿಕೆಯೂ ಇತ್ತು. ಆ ಮೌನವನ್ನು ಉಳಿಸಿಕೊಳ್ಳಲು ಅದನ್ನೇ ಒಡೆಯಬೇಕಲ್ಲ. ಒಮ್ಮೆ ಒಡೆದರೆ ಮತ್ತೆ ಕೂಡುತ್ತದೋ ಇಲ್ಲವೋ ಯಾರು ಬಲ್ಲರು. ಬಿರುಕು ಬಿಟ್ಟ ಹಲ್ಲು ತಾನಾಗಿ ಕೂಡುವುದಿಲ್ಲ, ಅದನ್ನು ಅವನು ದಿನವೂ ನೋಡುತ್ತಿದ್ದ.

ಶನಿವಾರ ಬಂತು. ಹೆಂಡತಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಳು. ನೆಟ್ಟಿನ ಆಚೆ ಬೇಕರಿಯ ಅಕ್ಕತಂಗಿಯರು ಆಟ ಶುರುವಾಗುವ ಮೊದಲೇ ಜಗಳ ಶುರುಮಾಡಿದ್ದರು.

"ನೀನು ಹಿಂದೆ ನಿಲ್ಲು. ನಿನ್ನ ಕೈ ಉದ್ದ."

"ನನ್ನ ಕೈ ಉದ್ದ ಅಂತ ಮನೇಲಿ ಅಟ್ಟದ ಡಬ್ಬ ತೆಗೆಯೋದೂ ನಾನೇ, ಇಲ್ಲಿ ಓಡೋದೂ ನಾನೇ."

"ಓಡು. ಸೊಂಟ ಎರಡು ಸುತ್ತು ಕರಗತ್ತೆ."

ಬೈದಾಡುತ್ತಲೇ ಅವರು ಚೆನ್ನಾಗಿ ಆಡುತ್ತಿದ್ದರು. "ಬಿಡೇ, ನಂದು", "ತಗೋ ನಿಂದೇ", "ಕಣ್ಣು ಎಲ್ಲಿಟ್ಟಿದ್ದೀಯ" ಎಂದು ಹಿಟ್ಟು ನಾದುವ ಮೇಜಿನ ಮುಂದೆ ನಿಂತ ಹಾಗೆಯೇ ಕೂಗಾಡುತ್ತಿದ್ದರೂ ಅವರ ನಡುವೆ ಒಂದೂ ಶಟಲ್ ಬೀಳುತ್ತಿರಲಿಲ್ಲ. ಇತ್ತ ಎರಡು ಸಲ ಬಿತ್ತು, ಮೂರನೆಯದೂ ಬಿತ್ತು. ತಂಗಿಗೆ ಗುಟ್ಟು ತಿಳಿಯಿತು.

"ಅಕ್ಕಾ, ನಡುವೆ ಹಾಕು. ಅದು ಅವರಿಬ್ಬರಿಗೂ ಬೇಡ."

ಆಮೇಲೆ ಎಲ್ಲವೂ ನಡುವೆಯೇ ಬರತೊಡಗಿತು. ಇಪ್ಪತ್ತೊಂದರ ಆಟದಲ್ಲಿ ಅಕ್ಕತಂಗಿಯರು ಹನ್ನೆರಡಕ್ಕೆ ಬಂದಾಗ ಇವರದು ಇನ್ನೂ ಐದು. ಸೀಟಿ ಮಾಸ್ತರು ಅಯ್ಯೋ ಪಾಪ ಎಂಬಂತೆ ಮುಖ ಬೇರೆಡೆ ತಿರುಗಿಸಿದರು. ಮಾವ ಟವೆಲಿನಿಂದ ಮುಖ ಒರೆಸಿಕೊಂಡು, "ಪರವಾಗಿಲ್ಲ ಡಾಕ್ಟ್ರೇ" ಎಂದರು. ಬೀರುವಿನ ಮೇಲೆ ಬ್ಯಾಟು ಇಡುವಾಗ ಹೇಳುವರೆಂದು ಅವನು ಎಣಿಸಿದ್ದ ಮಾತೇ ಅದು.

ಮುಂದಿನ ಶಟಲನ್ನು ಅಕ್ಕ ಎತ್ತರಕ್ಕೆ ಎತ್ತಿದಳು. ಅದು ಚಾವಣಿಯ ದೀಪದ ಹತ್ತಿರ ಹೋಗಿ, ತಿರುಗಿ, ಇಬ್ಬರ ನಟ್ಟನಡುವೆ ಇಳಿಯತೊಡಗಿತು. ಕಣ್ಣಂಚಿನಲ್ಲಿ ಅವನಿಗೆ ಮಾವನ ಬಿಳಿ ಬೂಟು ಕಾಣಿಸಿತು. ಅದು ಮುಂದೆ ಬರಲೋ ಬೇಡವೋ ಎಂದು ಅಲ್ಲಾಡುತ್ತಿತ್ತು. ಡ್ರಿಲ್ ಹತ್ತಿರ ಬಂದಾಗ ರೋಗಿಯ ಕತ್ತು ಅಲ್ಲಾಡುವುದೂ ಹೀಗೆಯೇ. ಅವನು ಯೋಚಿಸಲಿಲ್ಲ. ಕುರ್ಚಿಯ ಪಕ್ಕದಲ್ಲಿ ನಿಂತಾಗಿನ ಆ ದನಿ ತಾನಾಗಿಯೇ ಗಂಟಲಿನಿಂದ ಹೊರಬಿತ್ತು.

"ಅಲ್ಲಾಡ್ಬೇಡಿ."

ಮಾವ ಕಲ್ಲಾದರು. ಬ್ಯಾಟು ಎತ್ತಿದ್ದು ಎತ್ತಿದಂತೆಯೇ, ಬಾಯಿ ಅರ್ಧ ತೆರೆದಂತೆಯೇ. ದಂತವೈದ್ಯ ಒಂದು ಹೆಜ್ಜೆ ಒಳಗಿಟ್ಟು, ಕೊಳವೆಗೆ ಕಟ್ಟಿದ ಶಟಲನ್ನು ಹೊಡೆದ ಹಾಗೆ, ಬೆರಳು ಬಿಗಿದು ಬಾರಿಸಿದ. ಶಟಲ್ ತಂಗಿಯ ಕಾಲಬಳಿ ಟಪ್ಪೆಂದು ಬಿತ್ತು.

ಅವನ ಕಿವಿ ಬಿಸಿಯಾಯಿತು. ಹೆಣ್ಣು ಕೊಟ್ಟ ಮಾವನಿಗೆ, ನಾಲ್ಕು ಜನರ ಮುಂದೆ, ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ಗದರಿದ ಹಾಗೆ ಗದರಿದ್ದ.

"ತಪ್ಪಾಯ್ತು ಮಾವ. ಬಾಯಿ ತಪ್ಪಿ..."

ಮಾವ ಇನ್ನೂ ಅಲ್ಲಾಡಿರಲಿಲ್ಲ. ಕಣ್ಣು ಮಾತ್ರ ಅವನತ್ತ ಹೊರಳಿದವು.

"ಬಾಯಿ ಇನ್ನೂ ತೆರೆದೇ ಇರ್ಬೇಕಾ ಡಾಕ್ಟ್ರೇ, ಮುಚ್ಚಬಹುದಾ?"

ಬೆಂಚಿನ ಮೇಲೆ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಾವ ಹಾಸ್ಯ ಮಾಡುತ್ತಿದ್ದಾರೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷದಲ್ಲಿ ಅವರು ಅವನೊಂದಿಗೆ ಮಾಡಿದ ಮೊದಲ ತಮಾಷೆ ಅದು.

ಮತ್ತೊಂದು ನಡುವೆ ಬಂತು. ಈ ಸಲ ಅದು ತಗ್ಗಾಗಿ, ನೆಟ್ಟಿನ ಹತ್ತಿರ, ಮಾವನ ಕಡೆ ವಾಲಿಕೊಂಡು ಬಂತು. ದಂತವೈದ್ಯ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಒಂದು ಸದ್ದು ಕೇಳಿಸಿತು.

"ಶ್..."

ಜೋರಿನ ಸದ್ದಲ್ಲ, ಆದರೆ ಚೂರಿಯಂಥದ್ದು. ಅವನ ಬಾಯಿ ತಾನಾಗಿ ಮುಚ್ಚಿತು, ಕಾಲು ನಿಂತವು. ಪಕ್ಕದ ಕೋರ್ಟಿನವರೂ ಆಟ ನಿಲ್ಲಿಸಿ ಇತ್ತ ನೋಡಿದರು. ಅಕ್ಕತಂಗಿಯರ ಜಗಳವೂ ಅರ್ಧದಲ್ಲೇ ನಿಂತಿತು. ಆ ನಿಶ್ಶಬ್ದದಲ್ಲಿ ಮಾವ ಕೊಕ್ಕರೆಯ ಹೆಜ್ಜೆ ಒಂದನ್ನು ಮುಂದಿಟ್ಟು, ಪುಸ್ತಕವನ್ನು ಕಪಾಟಿಗೆ ಸೇರಿಸುವಷ್ಟು ಮೆತ್ತಗೆ ಶಟಲನ್ನು ನೆಟ್ಟಿನ ಆಚೆಗೆ ಇಳಿಸಿದರು.

"ಇದ್ಯಾವ ನ್ಯಾಯ ಮಾಸ್ತರೇ?" ಎಂದಳು ತಂಗಿ. "ಅವರು ಶ್ ಅಂದ್ರೆ ನಮಗೂ ಕೈ ಬರಲ್ಲ."

"ಕೂಗಬಾರದು ಅಂತ ನಿಯಮ ಇಲ್ಲಮ್ಮ," ಎಂದರು ಸೀಟಿ ಮಾಸ್ತರು. "ಸುಮ್ಮನಿರಿಸಬಾರದು ಅಂತಲೂ ಇಲ್ಲ."

ಅಲ್ಲಿಂದ ಆಟದ ದಿಕ್ಕು ಬದಲಾಯಿತು. ಹಿಂದಕ್ಕೆ ಬಂದರೆ "ಅಲ್ಲಾಡ್ಬೇಡಿ", ಮುಂದಕ್ಕೆ ಬಂದರೆ "ಶ್". ಇಬ್ಬರೂ ಹೊಸದಾಗಿ ಏನನ್ನೂ ಕಲಿಯಬೇಕಿರಲಿಲ್ಲ. ಇಡೀ ಜೀವಮಾನ ಬೇರೆಯವರ ಮೇಲೆ ಬಳಸಿದ್ದನ್ನು ಒಬ್ಬರ ಮೇಲೊಬ್ಬರು ಬಳಸಿದರಾಯಿತು. ಪರರಿಗೆ ಹೇಳುವಾಗ ಇಲ್ಲದ ಸಂಕೋಚ ಮನೆಯವರಿಗೆ ಹೇಳುವಾಗ ಯಾಕಿತ್ತು ಎಂದು ದಂತವೈದ್ಯನಿಗೆ ಒಂದು ಕ್ಷಣ ಅನ್ನಿಸಿತು. ಅದನ್ನು ಯೋಚಿಸುತ್ತ ನಿಂತು ಒಂದು ಶಟಲ್ ಬಿಟ್ಟ. ಮಾವ ತಿರುಗಿ, "ಇಲ್ಲಿ ನಿದ್ದೆ ಮಾಡೋ ಹಾಗಿಲ್ಲ" ಎಂದರು. ಓದುಕೋಣೆಯಲ್ಲಿ ಎಷ್ಟು ಜನರಿಗೆ ಹೇಳಿದ ಮಾತೋ ಅದು.

ಇವರು ಇಪ್ಪತ್ತು, ಅವರು ಹತ್ತೊಂಬತ್ತು. ಒಂದು ಸಿಕ್ಕರೆ ಸಂಜೆ ಉಳಿಯುತ್ತದೆ. ಅಕ್ಕ ಜಾಣತನದಿಂದ ಹಿಂದಕ್ಕೂ ಅಲ್ಲದ ಮುಂದಕ್ಕೂ ಅಲ್ಲದ ಒಂದನ್ನು ಹಾಕಿದಳು.

"ಅಲ್ಲಾಡ್ಬೇಡಿ."

"ಶ್..."

ಎರಡೂ ಒಟ್ಟಿಗೇ ಬಂದವು. ಇಬ್ಬರೂ ಒಬ್ಬರ ಮಾತನ್ನೊಬ್ಬರು ಪಾಲಿಸಿದರು. ಅಳಿಯ ತುಟಿ ಬಿಗಿದು ನಿಂತ, ಮಾವ ಕಲ್ಲಾಗಿ ನಿಂತರು, ಶಟಲ್ ಹಳೆಯ ಗೆಳೆಯನಂತೆ ಬಂದು ಇಬ್ಬರ ನಡುವೆ ಕೂತಿತು. ಮಾವ ಅದನ್ನು ನೋಡಿದರು. ಅವರ ಭುಜ ಮೊದಲು ಅಲುಗಿತು. ಆಮೇಲೆ ನಗು ಬಂತು. ಓದುಕೋಣೆಯಲ್ಲಿ ಅಷ್ಟೂ ವರ್ಷ ಅದುಮಿಟ್ಟದ್ದೆಲ್ಲ ಒಂದೇ ಸಲ ಬಂದ ಹಾಗೆ ದೊಡ್ಡದಾಗಿ, ಚಾವಣಿಗೆ ತಾಗಿ ತಿರುಗಿ ಬರುವಷ್ಟು ದೊಡ್ಡದಾಗಿ ಬಂತು. ಅಳಿಯನಿಗೂ ತಡೆಯಲಾಗಲಿಲ್ಲ. ಆಚೆ ಅಕ್ಕತಂಗಿಯರೂ ನಕ್ಕರು. ನಗುತ್ತಲೇ ತಂಗಿ ಮಾಡಿದ ಸರ್ವಿಸ್ ನೆಟ್ಟಿಗೆ ಸಿಕ್ಕಿಕೊಂಡಿತು. ಇಪ್ಪತ್ತಕ್ಕೆ ಸಮವಾದ ಆಟ ಎರಡು ಅಂಕ ಮುಂದಾದರೇ ಮುಗಿಯುವುದು, ಇವರಿಗೆ ಇನ್ನೊಂದು ಬೇಕಿತ್ತು.

"ನಗೋಕೆ ಮನೇಲಿ ಹೊತ್ತಿರಲಿಲ್ವಾ ನಿನಗೆ?" ಎಂದಳು ಅಕ್ಕ.

ಮಾವ ಸರ್ವಿಸ್ ಮಾಡಿದರು. ಶಟಲ್ ಅತ್ತಿತ್ತ ಹಾರಿ, ಕೊನೆಗೆ ನೇರವಾಗಿ ದಂತವೈದ್ಯನ ಮೂಗಿನ ಕಡೆಗೇ ಬಂತು. ಅದು ಅವನದೇ, ಅದರಲ್ಲಿ ಎರಡು ಮಾತಿಲ್ಲ. ಅವನು ಬ್ಯಾಟು ಎತ್ತಿದ. ಅಷ್ಟರಲ್ಲಿ "ಶ್" ಎಂಬ ಸದ್ದಿನ ಜೊತೆಗೇ ಒಂದು ಬಿಳಿ ಅಂಗಿ ಅವನ ಮುಂದೆ ಅಡ್ಡ ಬಂತು. ಮಾವ ಅವನ ಪಾಲಿನ ಶಟಲಿಗೆ, ಅವನ ಮೂಗಿನ ಮುಂದೆಯೇ, ಕೇಳದೆ ಹೇಳದೆ ಕೈ ಹಾಕಿದ್ದರು. ಹೊಡೆತ ಬ್ಯಾಟಿನ ಅಂಚಿಗೆ ತಾಗಿತು. ಶಟಲ್ ಕುಂಟುತ್ತ ಹೋಗಿ, ನೆಟ್ಟಿನ ಪಟ್ಟಿಯನ್ನು ಸವರಿ, ಆಚೆ ಜಾರಿತು. ಅಕ್ಕ ಮುಗ್ಗರಿಸಿದರೂ ಸಿಗಲಿಲ್ಲ.

ಸೀಟಿ ಮೊಳಗಿತು.

"ಅದು ನನ್ನದಾಗಿತ್ತು ಮಾವ," ಎಂದ ದಂತವೈದ್ಯ. ಹೇಳುವಾಗ ಅವನಿಗೆ ಎದೆ ತುಂಬಿ ಬಂದಿತ್ತು.

"ಗೊತ್ತು," ಎಂದರು ಮಾವ ಏದುಸಿರು ಬಿಡುತ್ತ. "ಆಸೆ ಆಯ್ತು."

ಕೈ ಕುಲುಕಲು ನೆಟ್ಟಿನ ಹತ್ತಿರ ಬಂದಾಗ ಅವನು ಅಕ್ಕನಿಗೆ, "ನಿಮಗೆ ಮಧ್ಯಾಹ್ನ ಕಷ್ಟ ಆಗಬಹುದು, ನಾವು ಬೇಕಿದ್ರೆ..." ಎಂದು ಶುರುಮಾಡಿದ.

"ಶುರುವಾಯ್ತು ನೋಡಿ ನಿಮ್ಮ ಮರ್ಯಾದೆ," ಎಂದಳು ಅಕ್ಕ. "ಬೆಳಗಿನ ಜಾವ ಒಲೆ ಹಚ್ಚೋರು ನಾವು, ಮಧ್ಯಾಹ್ನಕ್ಕೆ ಕೆಲಸ ಮುಗಿದಿರತ್ತೆ. ನನಗೆ ಮೂರು ಗಂಟೆಯೇ ಬೇಕಿತ್ತು. ಸಂಜೆ ಬೇಕು ಅಂತ ಕೂತಿದ್ದವಳು ಇವಳು. ಮೊದಲೇ ಹೇಳಿದ್ರೆ ಬಿಟ್ಟುಕೊಡೋದು ಯಾರು ಅಂತ ನೀವು ನಾಲ್ಕು ದಿನ ನೀವು ನೀವು ಅಂತಿದ್ರಿ. ಅದಕ್ಕೇ ಆಡಿಯೇ ಬಿಡೋಣ ಅಂದ್ಕೊಂಡೆ."

"ಬೇಕೂಂತ ಸೋತೆಯಾ?" ಎಂದು ತಂಗಿ ಅವಳತ್ತ ತಿರುಗಿದಳು.

"ನೆಟ್ಟಿಗೆ ಹೊಡೆದವಳು ನೀನು."

ಅವರ ಜಗಳ ಬಾಗಿಲು ದಾಟಿ ಬೀದಿಯವರೆಗೂ ಕೇಳಿಸುತ್ತಿತ್ತು.

ಹೆಂಡತಿ ಅಂಗಡಿಗೆ ಹೋಗಬೇಕೆಂದು ಮುಂದೆ ನಡೆದಳು. ಮಾವ, ಅಳಿಯ ಎಂದಿನ ದಾರಿ ಹಿಡಿದರು. ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಯಾರೂ ಮಾತಾಡಲಿಲ್ಲ. ಅವನು ಕಿವಿಗೊಟ್ಟು ನೋಡಿದ. ಮೌನ ಎಲ್ಲೂ ಒಡೆದಿರಲಿಲ್ಲ, ಇನ್ನಷ್ಟು ಅಗಲವಾಗಿತ್ತು, ಕಾಲು ಚಾಚಿ ಕೂರುವಷ್ಟು. ತಿರುವಿನಲ್ಲಿ ಮಾವ ಅವನ ಚೀಲಕ್ಕೆ ಕೈ ಹಾಕಿ, ಅವನ ನೀರಿನ ಬಾಟಲಿ ತೆಗೆದು, ಗಟಗಟನೆ ಕುಡಿದು, ಖಾಲಿ ಬಾಟಲಿಯನ್ನು ಮರಳಿ ಅಲ್ಲೇ ತುರುಕಿದರು.

ಮನೆಯ ಮೆಟ್ಟಿಲ ಹತ್ತಿರ ಅವರು ಬಲಗೆನ್ನೆ ಒತ್ತಿಕೊಂಡು ನಿಂತರು.

"ಈ ಕಡೆ ಹಿಂದಿನದೊಂದು ಹಲ್ಲು ಬಹಳ ದಿನದಿಂದ ಕಾಡ್ತಿದೆ ಕಣಯ್ಯ. ಆ ಇನ್ನೊಬ್ಬರ ಹತ್ತಿರ ಹೋಗೋಕೆ ಎರಡು ಬಸ್ಸು ಹಿಡೀಬೇಕು."

"ಸೋಮವಾರ ಬೆಳಿಗ್ಗೆ ಬನ್ನಿ ಮಾವ. ಮೊದಲು ನಿಮ್ಮದೇ ನೋಡ್ತೀನಿ."

ಸೋಮವಾರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಕುರ್ಚಿಯ ತುದಿಯಲ್ಲಿ ಕೂರಲು ಹೋದರು. ಅದು ಹಿಂದಕ್ಕೆ ಒರಗುವ ಕುರ್ಚಿಯಾದ್ದರಿಂದ ಬೇರೆ ದಾರಿಯಿಲ್ಲದೆ ಬೆನ್ನು ಚಾಚಿ ಮಲಗಿದರು. ದಂತವೈದ್ಯ ಬಿಸಿಲಿನ ಬಗ್ಗೆ ಹೇಳಲಿಲ್ಲ, ಅಗೆದ ರಸ್ತೆಯ ಬಗ್ಗೆಯೂ ಹೇಳಲಿಲ್ಲ. ಸಾಮಾನು ಎತ್ತಿಕೊಡುವ ನರ್ಸ್, ಸಾಹೇಬರಿಗೆ ಹುಷಾರಿಲ್ಲವೇನೋ ಎಂದು ಎರಡು ಸಲ ಮುಖ ನೋಡಿದಳು. ಹಲ್ಲು ಕೆಟ್ಟಿತ್ತು, ಆದರೆ ಬೇರು ಗಟ್ಟಿಯಿತ್ತು. ತುಂಬಿದರೆ ಉಳಿಯುತ್ತದೆ. ಅವನು ಡ್ರಿಲ್ ಕೈಗೆತ್ತಿಕೊಂಡು ಬಗ್ಗಿದ. ಹೇಳಬೇಕಾದ ಆ ಒಂದು ಮಾತಿಗೆ ಬಾಯಿ ತೆರೆದ.

ಮಾವ ಬಾಯಿ ಅಗಲಿಸಿಕೊಂಡೇ, ಶ್ ಎನ್ನುವ ಹಾಗೆ ಒಂದು ಬೆರಳನ್ನು ಮೆಲ್ಲಗೆ ಮೇಲೆತ್ತಿ ತೋರಿಸಿದರು. ಅವರು ಆಗಲೇ ಅಲ್ಲಾಡದೆ ಮಲಗಿದ್ದರು.